ಬುಡ ಒಂದು, ಆ್ಯಪ್ ನಾಲ್ಕು

ಅಕ್ಟೋಬರ್ ಬಂತೆಂದರೆ ಬಾರ್ಕೂರಿನ ಬೈಲುಗಳಲ್ಲಿ ಎದುರು ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ: “ಮಿಷನ್ ಎಲ್ಲಿತ್ತ್?” ಕಾರ್ತಿ ಭತ್ತ ಹಣ್ಣಾಗಿ ತಲೆಬಾಗಿ ನಿಂತಿರುತ್ತದೆ. ಮಧ್ಯಾಹ್ನದ ಮೇಲೆ ಮೂಡು ದಿಕ್ಕಿನಲ್ಲಿ ಮೋಡ ಕಟ್ಟುತ್ತದೆ. ಕತ್ತಿ ಹಿಡಿದು ಕೊಯ್ಯುವ ಆಳುಗಳು ನಮ್ಮಲ್ಲಿ ಈಗ ಇಲ್ಲವೆಂದೇ ಹೇಳಬೇಕು. ಹೊರಗಿನಿಂದ ಲಾರಿಯಲ್ಲಿ ಬರುವ ಕಟಾವು ಯಂತ್ರ ಒಂದೋ ಎರಡೋ, ಅದಕ್ಕೆ ಕಾದು ಕೂತವರು ನೂರಾರು ಮಂದಿ.

ಈ ಸರದಿಯನ್ನು ನೋಡಿಕೊಳ್ಳಲೆಂದು ನಾನೊಂದು ಆ್ಯಪ್ ಮಾಡಿದೆ. ಅದು ಎರಡಾಯಿತು, ಮೂರಾಯಿತು, ಈಗ ನಾಲ್ಕು. ನಾಲ್ಕು ಗುಂಪಿನ ಹೆಸರಿನಲ್ಲಿ ನಾಲ್ಕು ಆ್ಯಪ್. ಆದರೆ ಒಳಗಿನ ಬುಡ ಒಂದೇ. ಹಾಗೆ ಒಂದೇ ಬುಡದಲ್ಲಿ ನಿಲ್ಲಿಸಬೇಕೆಂದು ನನಗೆ ಬುದ್ಧಿ ಬರುವಷ್ಟರಲ್ಲಿ ಒಬ್ಬರ ಗದ್ದೆಯ ಭತ್ತ ನಿಂತಲ್ಲೇ ಮೊಳಕೆ ಬಂತು. ತಪ್ಪು ನನ್ನದೇ. ಆದ್ದರಿಂದ ಮುಚ್ಚಿಡದೆ ಬರೆಯುತ್ತೇನೆ.

ನನ್ನ ವಿಚಾರ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂರೂವರೆ ಎಕ್ರೆ ಗದ್ದೆ, ಮನೆ ಸುತ್ತ ತೆಂಗು, ಸ್ವಲ್ಪ ಅಡಿಕೆ. ಇದಕ್ಕೆ ಮೊದಲು ಹನ್ನೊಂದು ವರ್ಷ ಕಂಪ್ಯೂಟರ್ ಮುಂದೆ ಕೂತು ತಂತ್ರಾಂಶ ಬರೆಯುವ ನೌಕರಿ. ಉಡುಪಿಯ ಕಡೆ ಈ ಉದ್ಯೋಗ ಹೊಸತೇನೂ ಅಲ್ಲ. ರೋಹಿತ್ ಭಟ್ಟರು 1996ರಲ್ಲೇ ಉಡುಪಿಯಲ್ಲಿ ರೋಬೋಸಾಫ್ಟ್ ಆರಂಭಿಸಿದ್ದರು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಕಂಪೆನಿ ಅದನ್ನು ಕೊಂಡಿತು. ನಾನಿದ್ದದ್ದು ಬೇರೆ ಕಡೆ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದವನು ಇಲ್ಲೇ ಉಳಿದೆ. ನಾನು “ಕೋಡ್ ಬರೆಯುತ್ತೇನೆ” ಎಂದರೆ ಅಪ್ಪಯ್ಯನಿಗೆ ಇವತ್ತಿಗೂ ನಗು. ಅವರಿಗೆ ಕೋಡು ಅಂದರೆ ಎಮ್ಮೆಯ ತಲೆ ಮೇಲಿನದ್ದು ಮಾತ್ರ.

ಪುಸ್ತಕದಿಂದ ಫೋನಿಗೆ

ನಮ್ಮದು ಮೂವತ್ತೆಂಟು ಮನೆಗಳ ಒಂದು ಗುಂಪು. ಯಂತ್ರದ ಏಜೆಂಟನೊಂದಿಗೆ ಒಟ್ಟಾಗಿ ಮಾತಾಡಿ ಗಂಟೆಯ ಬಾಡಿಗೆ ನಿಗದಿ ಮಾಡುತ್ತೇವೆ. ಬಿಡಿಬಿಡಿಯಾಗಿ ಹೋದರೆ ಒಬ್ಬೊಬ್ಬರಿಗೆ ಒಂದೊಂದು ದರ ಹೇಳುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೃಷಿ ಯಂತ್ರಧಾರೆ ಕೇಂದ್ರಗಳು 2014ರ ನಂತರ ಬಂದ ಮೇಲೆ ಸ್ವಲ್ಪ ಹಿಡಿತ ಬಂತಾದರೂ ಭತ್ತ ಎಲ್ಲರದ್ದೂ ಒಟ್ಟಿಗೇ ಹಣ್ಣಾದಾಗ ಅವರಿಂದಲೂ ಪೂರೈಸುವುದಿಲ್ಲ.

ಸರದಿಯ ಲೆಕ್ಕವನ್ನು ಗುಂಪಿನ ಹಿರಿಯರೊಬ್ಬರು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಳೆ ಬಂದು ಒಂದು ದಿನ ಯಂತ್ರ ನಿಂತರೆ ಪುಸ್ತಕದಲ್ಲಿ ಗೀಟು, ಬಾಣ, ಮತ್ತೆ ಗೀಟು. ಕೊನೆಗೆ ಯಾರ ಸರದಿ ಯಾವಾಗ ಎಂದು ಬರೆದವರಿಗೇ ತಿಳಿಯುತ್ತಿರಲಿಲ್ಲ. 2020ರ ಅಕ್ಟೋಬರಿಗೆ ಮುಂಚೆ ಇದಕ್ಕೊಂದು ಆ್ಯಪ್ ಮಾಡಿದೆ. ಗದ್ದೆಯ ವಿಸ್ತೀರ್ಣ ಹಾಕಿದರೆ ಟೋಕನ್ ಸಿಗುತ್ತದೆ. ನಿಮ್ಮ ಮುಂದೆ ಎಷ್ಟು ಮಂದಿ ಇದ್ದಾರೆ, ಯಂತ್ರ ಈಗ ಯಾರ ಗದ್ದೆಯಲ್ಲಿದೆ ಎಂದು ಕಾಣುತ್ತದೆ. ಕೊಯ್ಲು ಮುಗಿದ ಮೇಲೆ ಗಂಟೆಯ ಲೆಕ್ಕದಲ್ಲಿ ಬಿಲ್ಲು. ಇಷ್ಟೇ. ಸ್ಮಾರ್ಟ್‌ಫೋನ್ ಇಲ್ಲದವರ ಟೋಕನನ್ನು ಸರದಿ ನೋಡಿಕೊಳ್ಳುವವರೇ ಹಾಕಿಕೊಡುತ್ತಾರೆ.

ಗೂಗಲ್‌ನವರ ಫ್ಲಟ್ಟರ್ ಎಂಬ ಸಲಕರಣೆಯಲ್ಲಿ ಬರೆದದ್ದು. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರ ಡಿಸೆಂಬರಿನಲ್ಲಿ. ಒಮ್ಮೆ ಬರೆದರೆ ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಆಗುತ್ತದೆ ಎಂಬುದು ಇದರ ಅನುಕೂಲ.

‘ಹೆಸ್ರ್ ಮಾತ್ರ ನಮ್ದೇ ಇರ್ಕ್’

ಒಂದು ಹಂಗಾಮು ಸುಸೂತ್ರವಾಗಿ ಕಳೆಯಿತು. 2021ರ ಮಳೆಗಾಲದಲ್ಲಿ ಪಕ್ಕದ ಗ್ರಾಮದ ಗುಂಪಿನವರು ಮನೆಗೆ ಬಂದರು. “ಹ್ವಾಯ್, ನಮ್ಗೂ ಒಂದ್ ಮಾಡಿ ಕೊಡಿ ಕಾಂಬ. ಹೆಸ್ರ್ ಮಾತ್ರ ನಮ್ದೇ ಇರ್ಕ್.” ಒಂದೇ ತಿಂಗಳ ಅಂತರದಲ್ಲಿ ಸೀತಾನದಿಯ ಆಚೆ ದಡದಿಂದ ಮೂರನೆಯ ಗುಂಪು ಬಂತು. ಅವರದ್ದೂ ಅದೇ ಬೇಡಿಕೆ.

“ನಮ್ಮ ಆ್ಯಪ್‌ನಲ್ಲೇ ನೀವೂ ಸೇರಿಬಿಡಿ” ಎಂದು ನಾನು ಹೇಳಿ ನೋಡಿದ್ದೆ. ಒಪ್ಪಲಿಲ್ಲ. ಆಗ ನನಗೆ ಇದು ಬರೀ ಪ್ರತಿಷ್ಠೆ ಎನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಆ ಗುಂಪಿನ ಸದಸ್ಯನೊಬ್ಬ ಫೋನ್ ತೆರೆದಾಗ ಬೇರೆ ಊರಿನ ಗುಂಪಿನ ಹೆಸರು ಕಂಡರೆ, ತನ್ನ ಸರದಿ ಅವರ ಕೈಯಲ್ಲಿದೆ ಎಂದು ಅಂದುಕೊಳ್ಳುವುದು ಸಹಜ. ಹೆಸರಿನ ಹಿಂದೆ ವಿಶ್ವಾಸ ಇರುತ್ತದೆ. ನಂದಿನಿ ಹಾಲಿನ ವಿಷಯ ನೋಡಿ. ದಕ್ಷಿಣ ಕನ್ನಡ ಹಾಲು ಒಕ್ಕೂಟದಂಥ ಹಲವು ಒಕ್ಕೂಟಗಳು ಒಂದೇ ಹೆಸರಿನಲ್ಲಿ ಮಾರುತ್ತವೆ, ಆ ಒಂದು ಹೆಸರನ್ನು ಕಟ್ಟಲು ಎಷ್ಟೋ ವರ್ಷ ದುಡಿದಿದ್ದಾರೆ. ನಮ್ಮದು ತಿರುಗಾಮುರುಗಾ. ಮಾಲು ಒಂದೇ, ಹೆಸರು ಹಲವು. ಇದು ಅಕ್ಕಿ ಮಿಲ್ಲಿನವರಿಗೆ ಹೊಸತಲ್ಲ. ಒಂದೇ ಮಿಲ್ಲಿನ ಕುಚ್ಚಲಕ್ಕಿ ಎರಡು ಮೂರು ಹೆಸರಿನ ಚೀಲದಲ್ಲಿ ಅಂಗಡಿಗೆ ಹೋಗುವುದನ್ನು ನಾವೆಲ್ಲ ಕಂಡವರೇ.

ದೊಡ್ಡ ಮಟ್ಟದಲ್ಲೂ ಇದೇ ನಡೆಯುತ್ತಿದೆ. 2022ರ ಜೂನಿನಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆಲ್ಲ ಒಂದು ಸಾಮಾನ್ಯ ತಂತ್ರಾಂಶ, ನಬಾರ್ಡ್ ಮೂಲಕ. ಭಾಷೆ ಮತ್ತು ನಿಯಮ ಆಯಾ ರಾಜ್ಯಕ್ಕೆ ತಕ್ಕಂತೆ. ಸಂಘ ಸಂಘಕ್ಕೂ ಬೇರೆ ಬೇರೆ ಬರೆಸಿದ್ದರೆ ಒಂದರ ಲೆಕ್ಕ ಇನ್ನೊಂದಕ್ಕೆ ಕೂಡಿಸಲು ಸಾಧ್ಯವಾಗುತ್ತಿರಲಿಲ್ಲ. ಬೆಳೆ ಸಮೀಕ್ಷೆಯ ಆ್ಯಪ್ ಬಳಸಿದವರು ಇನ್ನೊಂದು ಬಗೆಯನ್ನೂ ಕಂಡಿರುತ್ತೀರಿ. ಮುಂಗಾರಿಗೊಂದು, ಹಿಂಗಾರಿಗೊಂದು, ಬೇಸಿಗೆಗೊಂದು. ಪ್ರತಿ ಸಲವೂ ಹೊಸತಾಗಿ ಇಳಿಸಿಕೊಳ್ಳಬೇಕು, ಒಳಗೆ ಹೋದರೆ ಪರಿಚಿತ ಮುಖವೇ.

ಆದರೆ ನಾನು 2021ರಲ್ಲಿ ಮಾಡಿದ್ದು ಅವಸರದ ಕೆಲಸ. ನೇಜಿ ನೆಡುವ ಗಡಿಬಿಡಿಯ ನಡುವೆ, ನಮ್ಮ ಆ್ಯಪ್‌ನ ಇಡೀ ಕೋಡನ್ನು ಎರಡು ಸಲ ನಕಲು ಮಾಡಿ ಎರಡು ಬೇರೆ ಕಡತಗಳಲ್ಲಿಟ್ಟೆ. ಒಂದೊಂದರಲ್ಲೂ ಹೆಸರು ಬದಲಿಸಿದೆ, ಬಣ್ಣ ಬದಲಿಸಿದೆ, ಬಾಡಿಗೆ ದರ ಬದಲಿಸಿದೆ. ಮೊದಲ ದಿನವೇ ಒಂದು ಎಡವಟ್ಟಾಯಿತು. ಎರಡನೆಯ ಆ್ಯಪನ್ನು ನನ್ನ ಫೋನಿಗೆ ಹಾಕಿದರೆ ಮೊದಲನೆಯದು ಮಾಯ! ಪ್ರತಿ ಆಂಡ್ರಾಯ್ಡ್ ಆ್ಯಪಿಗೂ ಒಳಗೊಂದು ಗುರುತಿನ ಹೆಸರಿರುತ್ತದೆ, ನಮ್ಮ ಆರ್‌ಟಿಸಿಯ ಸರ್ವೆ ನಂಬರಿನ ಹಾಗೆ. ಹೊರಗಿನ ಹೆಸರು ಏನೇ ಇರಲಿ, ಆ ನಂಬರು ಒಂದೇ ಆದರೆ ಫೋನು ಇದು ಅದೇ ಆ್ಯಪ್‌ನ ಹೊಸ ಆವೃತ್ತಿ ಎಂದು ತಿಳಿದು ಹಳೆಯದರ ಮೇಲೆ ಕೂರಿಸುತ್ತದೆ. ಒಮ್ಮೆ ಅಂಗಡಿಗೆ, ಅಂದರೆ ಪ್ಲೇ ಸ್ಟೋರಿಗೆ, ಹೋದ ಮೇಲೆ ಆ ನಂಬರನ್ನು ಬದಲಿಸುವಂತೆಯೂ ಇಲ್ಲ. ಪುಣ್ಯಕ್ಕೆ ಅದು ನನ್ನ ಅಂಗಳದಲ್ಲೇ ಗೊತ್ತಾಯಿತು.

ಎರಡು ದಿನದಲ್ಲಿ ಎರಡು ಆ್ಯಪ್ ತಯಾರು. ಇಷ್ಟು ಸುಲಭವೇ ಎಂದು ಬೀಗಿದೆ.

ಒಂಬತ್ತರ ನಂತರ ಹತ್ತು

ಅದೇ ವರ್ಷ ಅಕ್ಟೋಬರ್ 11ರ ಬೆಳಿಗ್ಗೆ ನನ್ನ ಮಾವ ಅಂಗಳಕ್ಕೆ ಬಂದು ನಿಂತರು. “ಎಂತ ಮಾರಾಯ, ನನ್ನದು ಎಂಟನೇ ತಾರೀಕಿನ ಟೋಕನ್. ಮಳೆ ಬಂದು ನಿಂತದ್ದು ಸರಿ. ಈಗ ಹತ್ತನೇ ತಾರೀಕಿನವರದ್ದು ನನಗಿಂತ ಮೊದಲು ಹೇಗೆ ಕೊಯ್ಯುತ್ತಾರೆ?”

ಹೋಗಿ ನೋಡಿದರೆ ನನ್ನದೇ ಮೂರ್ಖತನ. ತಾರೀಕನ್ನು ನಾನು ಅಕ್ಷರದ ರೂಪದಲ್ಲಿ ಇಟ್ಟಿದ್ದೆ, 8-10, 9-10, 10-10 ಎಂದು. ಕಂಪ್ಯೂಟರು ಅಕ್ಷರಗಳನ್ನು ನಿಘಂಟಿನ ಕ್ರಮದಲ್ಲಿ ಜೋಡಿಸುತ್ತದೆ, ಎಡದಿಂದ ಒಂದೊಂದೇ ನೋಡುತ್ತ. ಹತ್ತರ ಮೊದಲ ಅಂಕಿ ಒಂದು, ಎಂಟರದ್ದು ಎಂಟು. ಒಂದು ಎಂಟಕ್ಕಿಂತ ಮೊದಲು ಬರುತ್ತದಲ್ಲ? ಆದ್ದರಿಂದ ಹತ್ತು, ಹನ್ನೊಂದು, ಹನ್ನೆರಡು ಎಲ್ಲ ಮುಂದೆ, ಎಂಟು ಒಂಬತ್ತು ಹಿಂದೆ. ತಿಂಗಳ ಒಂಬತ್ತನೇ ತಾರೀಕಿನವರೆಗೆ ಏನೂ ಗೊತ್ತಾಗದು. ಮಳೆ ಬಂದು ಹಳೆಯ ಟೋಕನ್ ಬಾಕಿಯಾಗಿ, ಹತ್ತು ದಾಟಿದಾಗ ಮಾತ್ರ ಸರದಿ ತಲೆಕೆಳಗು. 2020ರಲ್ಲಿ ಆ ದಿನಗಳಲ್ಲಿ ನಮ್ಮಲ್ಲಿ ಟೋಕನ್ ಬಾಕಿ ಉಳಿದಿರಲಿಲ್ಲ, ಹಾಗಾಗಿ ಕಾಣಲಿಲ್ಲ.

ಒಂದೇ ಸಾಲಿನ ದುರಸ್ತಿ. ತಾರೀಕನ್ನು ತಾರೀಕೆಂದೇ ಹೋಲಿಸುವಂತೆ ಮಾಡಿದೆ. ನಮ್ಮದರಲ್ಲಿ ಸರಿ ಮಾಡಿ, ಎರಡನೆಯ ಗುಂಪಿನದ್ದನ್ನೂ ಅದೇ ರಾತ್ರಿ ಸರಿ ಮಾಡಿದೆ. ಮೂರನೆಯ ಗುಂಪಿನವರು ಆ ವರ್ಷ ಇನ್ನೂ ಬಳಸಲು ಸುರು ಮಾಡಿರಲಿಲ್ಲ. “ಬೈಹುಲ್ಲು ಒಳಗೆ ಹಾಕಿ ಆಗಲಿ, ಆಮೇಲೆ ಮಾಡಿದರಾಯಿತು” ಅಂದುಕೊಂಡೆ. ಬೈಹುಲ್ಲು ಒಳಗಾಯಿತು. ಅದು ಮರೆತೇಹೋಯಿತು.

2022ರ ಅಕ್ಟೋಬರ್ 17, ರಾತ್ರಿ ಊಟಕ್ಕೆ ಕೂತಿದ್ದೆ. ಮುಂಬಯಿಯಿಂದ ಒಬ್ಬ ಹೆಂಗಸಿನ ಫೋನು. ಹೊಳೆಯಾಚೆ ಊರಿನಲ್ಲಿ ಅವರ ತಾಯಿ ಒಬ್ಬರೇ ಇರುವುದು, ಎಪ್ಪತ್ತು ದಾಟಿದವರು. ಅರ್ಧ ಎಕ್ರೆಗೆ ಚಿಲ್ಲರೆ ಎಂಒ-4 ಹಾಕಿದ್ದರು. ಮಗಳೇ ಮುಂಬಯಿಯಲ್ಲಿ ಕೂತು ಅಕ್ಟೋಬರ್ 7ಕ್ಕೆ ಟೋಕನ್ ತೆಗೆದುಕೊಟ್ಟಿದ್ದರು. ಏಳರ ಮಧ್ಯಾಹ್ನ ಮಳೆ. ಎಂಟು, ಒಂಬತ್ತು ಬೈಲಿನಲ್ಲಿ ನೀರು. ಹತ್ತರಿಂದ ಯಂತ್ರ ಮತ್ತೆ ಇಳಿದಿದೆ. ಅಂದಿನಿಂದ ಪ್ರತಿದಿನ ಅವರ ಹೆಸರು ಪಟ್ಟಿಯ ಅಡಿಯಲ್ಲಿ. “ಅಮ್ಮ ಕೇಳಿದರೆ, ಆ್ಯಪ್‌ನಲ್ಲಿ ನಿಮ್ಮ ಸರದಿ ಕೆಳಗೆ ಉಂಟು ಅಂತ ಹೇಳ್ತಾರಂತೆ. ಹತ್ತು ದಿನ ಆಯ್ತಲ್ಲ ಸಾರ್?” ಎಂದರು.

ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ವಿಷಯ ಏನೆಂದರೆ, ಆ ಊರಿನಲ್ಲಿ ಏಳರಿಂದ ಒಂಬತ್ತರವರೆಗಿನ ಟೋಕನಿನವರು ಇನ್ನೂ ಐದಾರು ಮಂದಿ ಇದ್ದರು. ಅವರೆಲ್ಲ ಯಂತ್ರದ ಹತ್ತಿರ ಹೋಗಿ ಜೋರು ಮಾಡಿ ಕೊಯ್ಯಿಸಿಕೊಂಡಿದ್ದರು. ಈ ಅಮ್ಮ ಜೋರು ಮಾಡುವವರಲ್ಲ. ಫೋನಿನಲ್ಲಿ ಬಂದದ್ದು ಸರಿಯೇ ಇರಬೇಕು ಎಂದು ಸುಮ್ಮನಿದ್ದರು. ಪುಸ್ತಕದ ಕಾಲದಲ್ಲಾದರೆ ಬರೆದವರ ಮುಖ ನೋಡಿ ಕೇಳಬಹುದಿತ್ತು. ಆ್ಯಪ್‌ನ ಮುಖ ನೋಡಿ ಯಾರು ಕೇಳುತ್ತಾರೆ?

ಮಾರನೆ ಬೆಳಿಗ್ಗೆ ಹೋದೆ. ಭತ್ತ ಮಲಗಿತ್ತು. ಕೈಯಲ್ಲಿ ಎತ್ತಿ ನೋಡಿದರೆ ತೆನೆಯ ಅಡಿಭಾಗದಲ್ಲಿ ಬಿಳಿ ಮೊಳಕೆ. ಯಂತ್ರ ಇಳಿಸಿ ಸಿಕ್ಕಿದ್ದನ್ನು ಕೊಯ್ಯಿಸಿದೆವು. ಮಿಲ್ಲಿಗೆ ಕೊಡುವಂತಿರಲಿಲ್ಲ, ಹೆಚ್ಚಿನದ್ದು ದನದ ಪಾಲಾಯಿತು. ಬಾಡಿಗೆಯನ್ನು ಗುಂಪಿನವರು ಬಿಟ್ಟರು. ನಾನು ನಮ್ಮ ಮನೆಯಿಂದ ಎರಡು ಮುಡಿ ಅಕ್ಕಿ ಕೊಂಡುಹೋದೆ. “ಅಕ್ಕಿ ಬ್ಯಾಡ ಮಾಣಿ” ಎಂದರು ಅಮ್ಮ. “ಬಪ್ಪ ವರ್ಷ ಸರ್ದಿ ತಪ್ದಿರೆ ಸಾಕ್.” ಅಕ್ಕಿಯನ್ನು ಜಗಲಿಯಲ್ಲೇ ಇಟ್ಟು ಬಂದೆ. ನನಗೆ ಒಂದು ವರ್ಷ ಮೊದಲೇ ಗೊತ್ತಿದ್ದ ತಪ್ಪು ಅದು. ಸರಿ ಮಾಡಲು ಹತ್ತು ನಿಮಿಷ ಸಾಕಿತ್ತು.

ಕಸಿ ಕಟ್ಟಿದ್ದು

2023ರ ಮಳೆಗಾಲ ಪೂರ್ತಿ, ರಾತ್ರಿ ಎರಡೆರಡು ಗಂಟೆ ಕೂತು ಮೂರನ್ನೂ ಒಂದು ಮಾಡಿದೆ. ಮೂರು ನಕಲುಗಳನ್ನು ಎದುರು ಬದುರಿಟ್ಟು ನೋಡಿದಾಗ ಅಚ್ಚರಿಯಾಯಿತು. ಎರಡೇ ವರ್ಷದಲ್ಲಿ ಅವು ದಾಯಾದಿಗಳ ಹಾಗೆ ಬೇರೆಯಾಗಿದ್ದವು. ಒಂದರಲ್ಲಿ ಬಿಲ್ಲಿನ ಪೈಸೆ ಸರಿ, ಇನ್ನೊಂದರಲ್ಲಿ ತಪ್ಪು. ಒಂದರಲ್ಲಿ ಟೋಕನ್ ರದ್ದು ಮಾಡುವ ಗುಂಡಿ ಇದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಸರದಿ ಲೆಕ್ಕ, ಬಿಲ್ಲು, ಪರದೆಗಳು, ಎಲ್ಲವೂ ಒಂದೇ ಕಡೆ. ಅದು ಬುಡ. ಪ್ರತಿ ಗುಂಪಿಗೂ ಒಂದು ಚಿಕ್ಕ ಪಟ್ಟಿ. ಅದರಲ್ಲಿ ಗುಂಪಿನ ಹೆಸರು, ಚಿತ್ರ, ಬಣ್ಣ, ಆಗ ಹೇಳಿದ ‘ಸರ್ವೆ ನಂಬರು’, ಗಂಟೆಯ ದರ, ಸರದಿ ನೋಡಿಕೊಳ್ಳುವವರ ಫೋನು, ಸಂದೇಶ ಕಳಿಸಲು ಬೇಕಾದ ಕೀಲಿ. ಕಾಡುಮಾವಿನ ಒಂದೇ ಬುಡಕ್ಕೆ ಮೂರು ಜಾತಿಯ ಕಡ್ಡಿ ಕಸಿ ಕಟ್ಟಿದ ಹಾಗೆ. ಆಂಡ್ರಾಯ್ಡ್‌ನವರು ಇದಕ್ಕೆ ಇಟ್ಟ ಹೆಸರು ‘ಫ್ಲೇವರ್’, ಐಸ್‌ಕ್ರೀಮಿನವರ ಮಾತು. ಒಂದು ಆಜ್ಞೆ ಕೊಟ್ಟರೆ ಎಲ್ಲ ಫ್ಲೇವರುಗಳೂ ಸಾಲಾಗಿ ತಯಾರಾಗಿ ಬರುತ್ತವೆ.

ಹೆಸರು, ಬಣ್ಣ ಬೇರೆ ಮಾಡುವುದು ಸುಲಭ. ತಲೆಬಿಸಿ ಇರುವುದು ನಡವಳಿಕೆ ಬೇರೆಯಾದಾಗ. ನಮ್ಮ ಗುಂಪಿನಲ್ಲಿ ಗದ್ದೆಯ ಲೆಕ್ಕ ಎಕ್ರೆ, ಸೆಂಟ್ಸ್‌ನಲ್ಲಿ. ಹೊಳೆಯಾಚೆಯವರಿಗೆ ಮುಡಿಯಲ್ಲೇ ಬೇಕು. ಮುಡಿಯ ಲೆಕ್ಕವೋ ಊರಿಂದ ಊರಿಗೆ ಬೇರೆ. ಎರಡನೆಯ ಗುಂಪಿನವರದ್ದು ಬಹುಪಾಲು ಆಳದ ಬೈಲು, ಅಲ್ಲಿ ಚೈನ್ ಯಂತ್ರವೇ ಇಳಿಯಬೇಕು. ಟಯರಿನದ್ದು ಹೂತುಹೋಗುತ್ತದೆ. ನಮ್ಮಲ್ಲಿ ಬೆಟ್ಟು, ಮಜಲು ಗದ್ದೆಗಳೂ ಇರುವುದರಿಂದ ಎರಡೂ ನಡೆಯುತ್ತದೆ. ಹಾಗಾಗಿ ಎರಡು ಸರದಿ ಬೇಕು.

ಮೊದಲು ನಾನು ಕೋಡಿನ ನಡುನಡುವೆ ‘ಇದು ಮೂರನೆಯ ಗುಂಪಾದರೆ ಮುಡಿ ತೋರಿಸು’ ಎಂದು ಬರೆಯುತ್ತಿದ್ದೆ. ಹೀಗೆ ಬರೆಯುವುದು ಅಪಾಯ. ನಾಲ್ಕನೆಯ ಗುಂಪು ಬಂದು ಅವರೂ ಮುಡಿ ಕೇಳಿದರೆ ಇಂಥ ಜಾಗಗಳನ್ನೆಲ್ಲ ಹುಡುಕಿ ತಿದ್ದಬೇಕು, ಒಂದು ತಪ್ಪಿದರೂ ಹಳೆಯ ಕತೆಯೇ. ಈಗ ಬುಡದ ಕೋಡಿನಲ್ಲಿ ಯಾವ ಗುಂಪಿನ ಹೆಸರೂ ಇಲ್ಲ. ‘ಈ ಗುಂಪಿನ ಅಳತೆ ಯಾವುದು? ಎಷ್ಟು ಬಗೆಯ ಯಂತ್ರ?’ ಎಂದು ಮಾತ್ರ ಅದು ಪಟ್ಟಿಯನ್ನು ಕೇಳುತ್ತದೆ. ಪಟ್ಟಿಯಲ್ಲಿ ಇದ್ದಂತೆ ನಡೆಯುತ್ತದೆ. ಈ ಕೆಲಸಕ್ಕೆ ಕೈಹಾಕುವ ಹುಡುಗರಿಗೆ ನಾನು ಹೇಳುವುದಿದ್ದರೆ ಮೊದಲು ಇದನ್ನೇ ಹೇಳುತ್ತೇನೆ. ಇನ್ನು ಕೆಲವರು ಒಂದೇ ಕೋಡಿನಲ್ಲಿ ಗುಂಪಿಗೊಂದು ‘ಬ್ರಾಂಚ್’ ಇಟ್ಟುಕೊಳ್ಳುತ್ತಾರೆ. ನಾನೂ ಒಂದು ತಿಂಗಳು ಇಟ್ಟು ನೋಡಿದೆ. ಹೆಸರಿಗೆ ಕೊಂಬೆ, ಕೆಲಸದಲ್ಲಿ ನಕಲೇ. ಬುಡದಲ್ಲಿ ಮಾಡಿದ್ದನ್ನು ಪ್ರತಿ ಕೊಂಬೆಗೂ ಒಯ್ಯಲು ಒಬ್ಬ ಮನುಷ್ಯ ನೆನಪಿಟ್ಟುಕೊಳ್ಳಬೇಕು. ನನ್ನ ನೆನಪಿನ ಯೋಗ್ಯತೆ ಆಗಲೇ ಗೊತ್ತಾಗಿತ್ತಲ್ಲ.

ಇನ್ನೊಂದು, ಪರೀಕ್ಷೆ. ಸುಳ್ಳು ಟೋಕನುಗಳ ಒಂದು ಕಂತೆ ಮಾಡಿಟ್ಟಿದ್ದೇನೆ. ಸೆಪ್ಟೆಂಬರ್ 30, ಅಕ್ಟೋಬರ್ 7, 8, 9, 10, ಮತ್ತೆ ಡಿಸೆಂಬರ್ 31, ಜನವರಿ 1. ಕೋಡಿನಲ್ಲಿ ಎಲ್ಲಿ ಕೈಹಾಕಿದರೂ ಮೊದಲು ಈ ಕಂತೆ ಸರಿಯಾದ ಸರದಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಯಾವ ಗುಂಪಿನ ಆ್ಯಪೂ ತಯಾರಾಗುವುದಿಲ್ಲ. ಏಳನೇ ತಾರೀಕಿನ ಆ ಟೋಕನಿಗೆ ಅಮ್ಮನ ಮನೆಯ ಹೆಸರನ್ನೇ ಇಟ್ಟಿದ್ದೇನೆ.

2024ರಲ್ಲಿ ನಾಲ್ಕನೆಯ ಗುಂಪು ಬಂತು. ಪಟ್ಟಿ ಬರೆದು, ಚಿತ್ರ ಹಾಕಿ, ಆ್ಯಪ್ ತಯಾರಾಗಲು ಒಂದು ಸಂಜೆ ಸಾಕಾಯಿತು. ಹೆಸರು ಏನಿಡಬೇಕೆಂದು ಅವರ ಸಭೆಯಲ್ಲಿ ಒಪ್ಪಿಗೆಯಾಗಲು ಮೂರು ವಾರ ಹಿಡಿಯಿತು!

ಒಂದೇ ಬುಡದ ಅಪಾಯ

ಇದರಲ್ಲಿ ದೋಷ ಇಲ್ಲವೆಂದಲ್ಲ. ಬುಡಕ್ಕೆ ಹುಳ ಬಿದ್ದರೆ ಎಲ್ಲ ಕೊಂಬೆಗೂ ಕೇಡು. 2024ರ ಸೆಪ್ಟೆಂಬರಿನಲ್ಲಿ ನಾನು ಮಾಡಿದ ಒಂದು ಬದಲಾವಣೆಯಿಂದ ಸಣ್ಣ ಪರದೆಯ ಹಳೆ ಫೋನುಗಳಲ್ಲಿ ‘ಟೋಕನ್ ಕೊಡಿ’ ಎಂಬ ಗುಂಡಿ ಅಕ್ಷರ ಒತ್ತುವ ಕೀಲಿಮಣೆಯ ಅಡಿಗೆ ಹೋಯಿತು. ನಾಲ್ಕೂ ಊರಿನಿಂದ ಒಂದೇ ದಿನ ಫೋನು. ನಕಲಿನ ಕಾಲದಲ್ಲಾದರೆ ಒಂದೇ ಊರಿನವರು ಬೈಯುತ್ತಿದ್ದರು.

ಅಂದಿನಿಂದ ಹೊಸ ಆವೃತ್ತಿಯನ್ನು ಮೊದಲು ನಮ್ಮ ಗುಂಪಿಗೆ ಮಾತ್ರ ಬಿಡುತ್ತೇನೆ. ನಾಲ್ಕು ದಿನ ನೋಡಿ, ಮಾವ ಬೈಯದಿದ್ದರೆ ಉಳಿದ ಮೂರಕ್ಕೆ. ಒಬ್ಬೊಬ್ಬ ಬಳಕೆದಾರರಿಗೆ ಅಷ್ಟಷ್ಟೇ ಹಂಚುವ ಸೌಕರ್ಯವನ್ನು ಗೂಗಲ್‌ನವರೂ ಕೊಟ್ಟಿದ್ದಾರೆ. ಅಕ್ಟೋಬರ್ 1ರಿಂದ ಕೊಯ್ಲು ಮುಗಿಯುವ ತನಕ ಏನನ್ನೂ ಬದಲಿಸುವುದಿಲ್ಲ, ತೀರಾ ಅಗತ್ಯ ಬಿದ್ದರೆ ಮಾತ್ರ.

ನಾಲ್ಕೂ ಗುಂಪಿನ ಮಾಹಿತಿ ಇರುವುದು ಒಂದೇ ಸರ್ವರಿನಲ್ಲಿ. “ನಮ್ಮ ಗದ್ದೆ ಲೆಕ್ಕ ಅವರಿಗೆ ಕಾಣುತ್ತದಾ?” ಎಂದು ಎಲ್ಲರೂ ಕೇಳಿದರು, ಕೇಳಲೇಬೇಕು. ಪ್ರತಿ ಟೋಕನಿನ ಮೇಲೂ ಗುಂಪಿನ ಸಂಖ್ಯೆ ಇದೆ. ಯಾವ ಆ್ಯಪಿನಿಂದ ಕೇಳಿದರೂ ಆ ಸದಸ್ಯ ಯಾವ ಗುಂಪಿನವನೋ ಅದರದ್ದು ಮಾತ್ರ ಸರ್ವರು ಕೊಡುತ್ತದೆ. ಈ ತಡೆ ಫೋನಿನ ಆ್ಯಪ್‌ನಲ್ಲಿದ್ದರೆ ಸಾಲದು, ಸರ್ವರಿನಲ್ಲೇ ಇರಬೇಕು.

ಖಾತೆ ಯಾರ ಹೆಸರಿನಲ್ಲಿ?

ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನಮ್ಮ ಕಡೆಯ ಒಂದು ಸಂಘ (ಹೆಸರು ಬೇಡ) ಹೊರಗಿನ ಕಂಪೆನಿಯೊಂದರಿಂದ ತನ್ನ ಹೆಸರಿನ ಆ್ಯಪ್ ಮಾಡಿಸಿತ್ತು. ಒಪ್ಪಂದ ಮುಗಿದದ್ದೇ ಆ್ಯಪ್ ಮಾಯವಾಯಿತು. ಸಂಘದ ಹೆಸರು, ಸಂಘದ ಚಿತ್ರ ಎಲ್ಲ ಸರಿ, ಆದರೆ ಪ್ಲೇ ಸ್ಟೋರಿನ ಖಾತೆ ಕಂಪೆನಿಯದ್ದು. ಜಾಗ ಯಾರದ್ದೋ, ಮನೆ ಕಟ್ಟಿದವರು ಯಾರೋ.

ನಾನು ಮೂರು ಆ್ಯಪನ್ನೂ ಮೊದಲು ನನ್ನ ಖಾತೆಯಿಂದಲೇ ಹಾಕಿದ್ದೆ. ಅದನ್ನು ತಿದ್ದಲು ಕಾರಣವಾದದ್ದು ಆಪಲ್ ಕಂಪೆನಿ. ನಮ್ಮ ಗುಂಪುಗಳಲ್ಲಿ ಐಫೋನ್ ಇರುವವರು ಕಡಿಮೆ, ಹೆಚ್ಚಿನವರು ಮುಂಬಯಿ, ದುಬಾಯಿಯಲ್ಲಿರುವ ಮಕ್ಕಳು. ಆದರೆ ತಂದೆ ತಾಯಿಗೆ ಟೋಕನ್ ತೆಗೆಯುವವರು ಅವರೇ. ಐಫೋನಿಗೆ ಆ್ಯಪ್ ಕಳಿಸಿದರೆ ತಿರಸ್ಕಾರವಾಗಿ ಬಂತು. ಕಾರಣ ಅವರ ನಿಯಮ 4.2.6. 2017ರಲ್ಲಿ ತಂದದ್ದು. ಒಂದೇ ಅಚ್ಚಿನಿಂದ ತೆಗೆದ ಆ್ಯಪ್‌ಗಳನ್ನು ಮಾಡಿಕೊಡುವವನು ಕಳಿಸುವಂತಿಲ್ಲ. ಆಗ ಅಮೆರಿಕದಲ್ಲೂ ಸಣ್ಣ ಹೋಟೆಲು, ದೇವಾಲಯಗಳ ಆ್ಯಪ್ ಮಾಡುವವರೆಲ್ಲ ಗಲಾಟೆ ಎಬ್ಬಿಸಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ನಿಯಮವನ್ನು ಸಡಿಲ ಮಾಡಿ ಎರಡು ದಾರಿ ತೋರಿಸಿದರು. ಒಂದೋ ಯಾರ ಹೆಸರಿನ ಆ್ಯಪೋ ಅವರೇ ತಮ್ಮ ಖಾತೆಯಿಂದ ಕಳಿಸಬೇಕು, ಇಲ್ಲವೇ ಎಲ್ಲರನ್ನೂ ಒಂದೇ ಆ್ಯಪ್‌ನೊಳಗೆ ಹಾಕಿ, ತೆರೆದವರು ತಮ್ಮದನ್ನು ಆರಿಸಿಕೊಳ್ಳುವಂತೆ ಮಾಡಬೇಕು.

ಆಪಲ್ ಖಾತೆಗೆ ವರ್ಷಕ್ಕೆ 99 ಡಾಲರ್. ಹತ್ತು ಹನ್ನೆರಡು ಐಫೋನಿಗಾಗಿ ಪ್ರತಿ ಗುಂಪೂ ಅಷ್ಟು ಕೊಡುವುದು ದುಬಾರಿ. ಆದ್ದರಿಂದ ಐಫೋನಿಗೆ ಒಂದೇ ಆ್ಯಪ್, ಒಳಗೆ ಹೋದ ಮೇಲೆ ಗುಂಪನ್ನು ಆರಿಸಿಕೊಳ್ಳುವುದು. ಆರಿಸಿದ ಕೂಡಲೇ ಆ ಗುಂಪಿನ ಬಣ್ಣ, ಹೆಸರು ಬರುತ್ತದೆ. ಬುಡ ಒಂದೇ ಆಗಿದ್ದರಿಂದ ಇದಕ್ಕೆ ಹೆಚ್ಚು ಕೆಲಸ ಆಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಮಾತ್ರ ಪ್ರತ್ಯೇಕ ಹೆಸರು. ಗೂಗಲ್ ಖಾತೆಗೆ ಒಮ್ಮೆ 25 ಡಾಲರ್ ಕೊಟ್ಟರೆ ಮುಗಿಯಿತು. ಅಲ್ಲೂ ಒಂದೇ ತೆರನ ಆ್ಯಪ್‌ಗಳನ್ನು ಒಂದೇ ಖಾತೆಯಿಂದ ಸಾಲಾಗಿ ಹಾಕುವವರ ಮೇಲೆ ಕಣ್ಣಿದೆ. ಹಾಗಾಗಿ ಪ್ರತಿ ಗುಂಪಿನಿಂದಲೂ ಅವರದ್ದೇ ಖಾತೆ ಮಾಡಿಸಿ, ಆ್ಯಪನ್ನು ಅದಕ್ಕೆ ವರ್ಗಾಯಿಸಿದೆ. ಸಂಸ್ಥೆಯ ಹೆಸರಿನ ಖಾತೆಗೆ ಡನ್ಸ್ ಎಂಬ ಒಂದು ಸಂಖ್ಯೆ ಕೇಳುತ್ತಾರೆ, ಅದಕ್ಕೆ ನೋಂದಣಿ ಕಾಗದ ಕಳಿಸಿ ಕಾಯಬೇಕು. ಉಪದ್ರವೇ. ಆದರೂ ಖಾತೆಯ ಇಮೇಲು, ಪಾಸ್‌ವರ್ಡು ಗುಂಪಿನ ಹೆಸರಿನಲ್ಲಿರಲಿ, ಕಾರ್ಯದರ್ಶಿಯ ಸ್ವಂತದ್ದು ಬೇಡ. ಕಾರ್ಯದರ್ಶಿ ಬದಲಾಗುತ್ತಾರೆ.

ಆ್ಯಪಿಗೆ ಮುದ್ರೆ ಒತ್ತುವ ಒಂದು ಕೀಲಿ ಕಡತವೂ ಇರುತ್ತದೆ. 2021ರ ಆಗಸ್ಟಿನ ನಂತರದ ಹೊಸ ಆ್ಯಪ್‌ಗಳಿಗೆ ಮುಖ್ಯ ಕೀಲಿಯನ್ನು ಗೂಗಲ್‌ನವರೇ ಇಟ್ಟುಕೊಳ್ಳುತ್ತಾರೆ. ನನ್ನ ಮೊದಲ ಆ್ಯಪ್ 2020ರದ್ದು, ಆ ಕೀಲಿ ನನ್ನ ಬಳಿಯೇ. ಅದು ಕಳೆದರೆ ಆ ಆ್ಯಪನ್ನು ಮತ್ತೆಂದೂ ಸುಧಾರಿಸಲಾಗದು. ಪೆನ್‌ಡ್ರೈವಿಗೆ ಹಾಕಿ ಮನೆಯ ಕಪಾಟಿನಲ್ಲಿ ಚಿನ್ನದ ಡಬ್ಬಿಯೊಂದಿಗೆ ಇಟ್ಟಿದ್ದೇನೆ. ಇನ್ನೊಂದು ಪ್ರತಿ ಮಾವನ ಮನೆಯಲ್ಲಿದೆ.

ಖರ್ಚಿನ ಮಾತು

ಸರ್ವರಿಗೆ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ, ನಾಲ್ಕು ಗುಂಪಿನವರು ಹಂಚಿಕೊಳ್ಳುತ್ತಾರೆ. ಆಪಲ್‌ನ ವಾರ್ಷಿಕ ಹಣವೂ ಹಾಗೆಯೇ. ನನ್ನ ದುಡಿಮೆಗೆ ಪ್ರತಿ ಗುಂಪೂ ಹಂಗಾಮಿಗೆ ಒಂದು ಮೊತ್ತ ಕೊಡುತ್ತದೆ, ಅದು ನನ್ನ ಕೊಯ್ಲಿನ ಬಾಡಿಗೆಗೆ ಸರಿಹೋಗುತ್ತದೆ. ಮಾಡಿ ಬಿಟ್ಟರೆ ಮುಗಿಯಿತು ಎಂದು ತಿಳಿಯಬಾರದು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗೆ ಹೊಂದುವಂತೆ ವರ್ಷ ವರ್ಷ ಆ್ಯಪನ್ನು ಸುಧಾರಿಸಬೇಕೆಂದು ಗೂಗಲ್ ಗಡುವು ಹಾಕುತ್ತದೆ. 2025ರದ್ದು ಆಗಸ್ಟ್ 31ಕ್ಕೆ ಇತ್ತು. ಮಾಡದಿದ್ದರೆ ಹೊಸ ಫೋನಿನವರಿಗೆ ಅಂಗಡಿಯಲ್ಲಿ ಆ್ಯಪ್ ಕಾಣಿಸುವುದೇ ಇಲ್ಲ. ಮೂರು ನಕಲು ಇದ್ದಾಗ ಈ ಒಂದು ಕೆಲಸಕ್ಕೇ ನಾಲ್ಕು ದಿನ ಹೋಗುತ್ತಿತ್ತು. ಈಗ ನಾಲ್ಕು ಆ್ಯಪಿಗೂ ಸೇರಿ ಒಂದು ದಿನ.

ಎಲ್ಲರಿಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ಮನೆಯ ಗುಂಪಾದರೆ ವಾಟ್ಸ್ಆ್ಯಪ್ ಗುಂಪೂ ಒಂದು ನೋಟ್ ಪುಸ್ತಕವೂ ಧಾರಾಳ ಸಾಕು. ನಮ್ಮಲ್ಲಿ ಪುಸ್ತಕವನ್ನು ಈಗಲೂ ಬಿಟ್ಟಿಲ್ಲ. 2022ರ ನಂತರ ಪ್ರತಿ ಸಂಜೆ ಆ್ಯಪ್‌ನ ಸರದಿಯನ್ನು ಒಬ್ಬರು ಪುಸ್ತಕಕ್ಕೆ ಇಳಿಸುತ್ತಾರೆ. ಎರಡು ದಿನಕ್ಕಿಂತ ಹೆಚ್ಚು ಹಿಂದೆ ಬಿದ್ದ ಟೋಕನ್ ಇದ್ದರೆ ಅವರ ಮನೆಗೆ ಫೋನ್ ಮಾಡುತ್ತಾರೆ. ಹೊಳೆಯಾಚೆಯ ಅಮ್ಮ ಕಳೆದ ಹಂಗಾಮಿನಲ್ಲೂ ಎಂಒ-4 ಹಾಕಿದ್ದರು. ಟೋಕನ್ ಅಕ್ಟೋಬರ್ 9ರದ್ದು, ಒಂದು ದಿನ ಮಳೆಗೆ ಹೋಗಿ 10ರಂದು ಕೊಯ್ದಾಯಿತು. ಆ ದಿನ ನಾನು ಬೆಳಿಗ್ಗೆಯೇ ದೋಣಿ ದಾಟುವವನ ಹಾಗೆ ಹೋಗಿ ಗದ್ದೆಯ ಬದುವಿನಲ್ಲಿ ಕೂತಿದ್ದೆ.

ಈಗ ಐದನೆಯ ಗುಂಪಿನವರು ಬಂದು ಕೇಳಿದ್ದಾರೆ. ಅವರಿಗೆ ಬೇಕಾದ್ದು ಕಟಾವು ಯಂತ್ರದ ಸರದಿಯಲ್ಲ, ತೆಂಗಿನಕಾಯಿ ಕೊಯ್ಯುವವರ ಸರದಿ. ಗಂಟೆಯ ಲೆಕ್ಕವಲ್ಲ, ಮರದ ಲೆಕ್ಕ. ಯಂತ್ರ ಒಂದಲ್ಲ, ಮನುಷ್ಯರು ಆರು ಮಂದಿ, ಅವರಿಗೆ ರಜೆ ಬೇಕು, ಜ್ವರ ಬರುತ್ತದೆ. ಇದು ಇದೇ ಬುಡಕ್ಕೆ ಹಿಡಿಯುತ್ತದೋ, ಬೇರೆಯೇ ನೆಡಬೇಕೋ ಎಂದು ಇನ್ನೂ ತೀರ್ಮಾನಿಸಿಲ್ಲ. ಅಪ್ಪಯ್ಯನನ್ನು ಕೇಳಿದರೆ, “ತೆಂಗಿಗೆ ಯಾರಾದ್ರೂ ಕಸಿ ಕಟ್ಟುತ್ರಾ?” ಎಂದರು.